ಡಿಸೈನ್ ಕಲಿಯೋಕೆ ಬೆಂಗಳೂರಿನ ಕೋರ್ಸಾ, ಮ್ಯಾಕ್‌ಬುಕ್ಕಾ?

ಬಿ.ಕಾಂ. ಮುಗಿಸಿ ಸೋಮವಾರಪೇಟೆಯಲ್ಲಿದ್ದೀರಿ, ಕೈಯಲ್ಲಿ ಒಂದೂವರೆ ಲಕ್ಷ ಇದೆ. ಬೆಂಗಳೂರಿಗೆ ಹೋಗಿ ಕೋರ್ಸ್ ಸೇರಲಾ, ಮ್ಯಾಕ್‌ಬುಕ್ ತಗೊಂಡು ಮನೆಯಲ್ಲೇ ಕಲಿಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ.

2016ರಲ್ಲಿ ಮಡಿಕೇರಿಯ ನಮ್ಮ ಮನೆಯ ಅಟ್ಟದ ಕೋಣೆಯಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ಅಪ್ಪನ ಹತ್ತಿರ ಸಾಲ ಮಾಡಿ ಲ್ಯಾಪ್‌ಟಾಪ್ ತಗೊಂಡೆ. ಯೂಟ್ಯೂಬ್ ನೋಡಿ ಇಲ್ಲಸ್ಟ್ರೇಟರ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಕಲಿತೆ. ಆರು ತಿಂಗಳಲ್ಲಿ ನಾಲ್ಕು ಹೋಂಸ್ಟೇಗಳಿಗೆ ಲೋಗೊ ಮಾಡಿಕೊಟ್ಟೆ. ಎಲ್ಲರೂ ಚೆನ್ನಾಗಿದೆ ಅಂದರು. ಅವೆಲ್ಲ ಫೋನಿನ ಪರದೆ ಮೇಲೆ ಮಾತ್ರ ಇದ್ದವು, ಒಂದೂ ಅಚ್ಚಾಗಿರಲಿಲ್ಲ.

ಆಗ ಚಿಕ್ಕಪ್ಪನ ಕಡೆಯಿಂದ ಒಂದು ಕೆಲಸ ಬಂತು. ಭಾಗಮಂಡಲದ ಹತ್ತಿರ ಚೆಟ್ಟಿಮಾನಿಯಲ್ಲಿ ಜೇನು ಸಾಕುವ ಹಿರಿಯರೊಬ್ಬರು. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಜನ ಹರಿದು ಬರುತ್ತಾರಲ್ಲ, ಅಷ್ಟರೊಳಗೆ ಅವರ ಬಾಟಲಿಗಳಿಗೆ ಲೇಬಲ್ ಆಗಬೇಕಿತ್ತು. 4,000 ಸ್ಟಿಕ್ಕರ್. "ಇಂಗ್ಲಿಷ್, ಕಾನೂನಿಗೆ ಎಷ್ಟು ಬೇಕೋ ಅಷ್ಟಿರಲಿ ಮಗ, ಕನ್ನಡ ಚೆನ್ನಾಗಿ ಕಾಣಬೇಕು" ಅಂದಿದ್ದರು.

ಹತ್ತು ದಿನ ಅದರಲ್ಲೇ ಮುಳುಗಿದ್ದೆ. "ಶುದ್ಧ ಜೇನುತುಪ್ಪ" ಅನ್ನುವ ತಲೆಬರಹವನ್ನು ದುಂಡಗೆ ತಿದ್ದಿ, ಅಕ್ಷರಗಳನ್ನು ಔಟ್‌ಲೈನ್ ಮಾಡಿ ಇಟ್ಟೆ, ಅಂದರೆ ಫಾಂಟಿನ ಹಂಗಿಲ್ಲದ ಬರೀ ಆಕಾರಗಳಾಗಿ ಬದಲಿಸಿದೆ. ಫೈಲ್ ಕಳಿಸುವ ಹಿಂದಿನ ರಾತ್ರಿ ಅವರು ಫೋನ್ ಮಾಡಿ, ಕೆಳಗೆ ಊರಿನ ಹೆಸರು ಸೇರಿಸು ಅಂದರು. ಸೇರಿಸಿದೆ: "ಚೆಟ್ಟಿಮಾನಿ, ಕೊಡಗು ಜಿಲ್ಲೆ". ಆ ಒಂದು ಸಾಲನ್ನು ಔಟ್‌ಲೈನ್ ಮಾಡಲಿಲ್ಲ. ತಿದ್ದಲು ಬರುವ ಆ ಫೈಲನ್ನೇ ಮೈಸೂರಿನ ಪ್ರೆಸ್ಸಿಗೆ ಮೇಲ್ ಮಾಡಿ ಮಲಗಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾವ ಇಂಗ್ಲಿಷ್ ಟ್ಯುಟೋರಿಯಲ್ಲೂ ನನಗೆ ಇದನ್ನು ಹೇಳಿರಲಿಲ್ಲ. "ಟ್ಟಿ" ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು ಟ, ವಿರಾಮ (ಅರ್ಧಾಕ್ಷರದ ಗುರುತು), ಇನ್ನೊಂದು ಟ, ಗುಡಿಸು, ಹೀಗೆ ನಾಲ್ಕು ತುಂಡು. ಇವನ್ನು ಜೋಡಿಸಿ ಒತ್ತನ್ನು ಕೆಳಗೆ ಕೂರಿಸಬೇಕಾದ್ದು ಸಾಫ್ಟ್‌ವೇರ್. ಇಂಗ್ಲಿಷಿಗೆ ಈ ಜೋಡಣೆಯ ಹಂಗಿಲ್ಲ, ಫಾಂಟ್ ಬದಲಾದರೂ ಓದಲು ಬರುತ್ತದೆ. ಕನ್ನಡಕ್ಕೆ ಫಾಂಟೂ ಇರಬೇಕು, ಭಾರತೀಯ ಲಿಪಿಗಳನ್ನು ಜೋಡಿಸುವ ಕಂಪೋಸರ್ ಕೂಡ ಆನ್ ಆಗಿರಬೇಕು. ನನ್ನ ಇಲ್ಲಸ್ಟ್ರೇಟರ್‌ನಲ್ಲಿ ಎರಡೂ ಇತ್ತು. ಪ್ರೆಸ್ಸಿನವರ ಹಳೇ ವರ್ಷನ್‌ನಲ್ಲಿ ಎರಡೂ ಇರಲಿಲ್ಲ. ಫಾಂಟ್ ಸಿಗುತ್ತಿಲ್ಲ ಅಂತ ಬಂದ ಡಬ್ಬಿಗೆ ಆಪರೇಟರ್ ಓಕೆ ಒತ್ತಿದರು, ಬೇರೊಂದು ಕನ್ನಡ ಫಾಂಟ್ ಬಂದು ಕೂತಿತು, ಒತ್ತುಗಳು ಕಳಚಿಕೊಂಡವು. ತಲೆಬರಹ ಔಟ್‌ಲೈನ್ ಆಗಿತ್ತು, ಅದು ಅಲುಗಲಿಲ್ಲ. ಲೇಬಲ್ಲಿನ ಮುಖ ಸರಿಯಾಗಿಯೇ ಇದ್ದದ್ದರಿಂದ ಕೆಳಗಿನ ಸಾಲಿನ ಕಡೆ ಯಾರ ಕಣ್ಣೂ ಹೋಗಲಿಲ್ಲ.

ನನ್ನ ಕಣ್ಣೂ ಹೋಗಲಿಲ್ಲ. ಪ್ರೆಸ್ಸಿನವರು ಪ್ರೂಫ್‌ನ, ಅಂದರೆ ಅಚ್ಚಿಗೆ ಮುಂಚಿನ ಮಾದರಿ ಪ್ರತಿಯ, ಫೋಟೊ ವಾಟ್ಸ್ಆ್ಯಪ್ ಮಾಡಿದ್ದರು. ಅಷ್ಟು ದೊಡ್ಡದು ಮಾಡಿ ನೋಡಿದೆ, ನೋಡಿದ್ದು ಜೇನಿನ ಹಳದಿ ಸರಿ ಬಂದಿದೆಯಾ ಅಂತ. ಅಕ್ಷರ ಓದಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಬೆಳಿಗ್ಗೆ ಬಸ್ ಹತ್ತಿದ್ದರೆ ಸಂಜೆಗೆ ವಾಪಸ್ ಬರಬಹುದಿತ್ತು. ಮಳೆ ಅಂತ ಹೋಗಲಿಲ್ಲ. "ಓಕೆ, ಪ್ರಿಂಟ್ ಮಾಡಿ" ಅಂತ ಟೈಪ್ ಮಾಡಿದವನು ನಾನೇ, ಹಾಗಾಗಿ ಪ್ರೆಸ್ಸಿನವರದ್ದು ತಪ್ಪು ಅಂತ ಇವತ್ತಿಗೂ ಹೇಳುವುದಿಲ್ಲ.

ಬಸ್ಸಿನಲ್ಲಿ ಬಂದ ಬಂಡಲ್ ಹಿಡಿದು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಸ್ಟಿಕ್ಕರ್ ಮೇಲೆ ಬೆರಳಿಟ್ಟು ಓದಿದರು. "ಚೆಟ್‌ಟಿಮಾನಿ. ಕೊಡಗು ಜಿಲ್‌ಲೆ." ಮತ್ತೊಮ್ಮೆ ಓದಿದರು. "ನಮ್ಮ ಊರಿನ ಹೆಸರೇ ಹೀಗಾಯ್ತಲ್ಲ ಮಗ" ಅಂದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು. ಆ ವರ್ಷದ ಸಂಕ್ರಮಣಕ್ಕೆ ಅವರ ಬಾಟಲಿಗಳು ಲೇಬಲ್ ಇಲ್ಲದೆ ಹೋದವು. ಮರುಮುದ್ರಣದ 9,200 ರೂಪಾಯಿ ನಾನು ಕೊಟ್ಟೆ. ಡಿಸೈನ್‌ಗೆ ನನಗೆ ಸಿಕ್ಕಿದ್ದು 3,500.

ಅದಾದ ಮೇಲೆ ಕುಶಾಲನಗರದ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ ಮೂರು ತಿಂಗಳು ಸಂಬಳವಿಲ್ಲದೆ ಕೂತೆ. ಲಗ್ನಪತ್ರಿಕೆ, ಬಿಲ್ ಬುಕ್, ದೇವಸ್ಥಾನದ ಜಾತ್ರೆಯ ಕರಪತ್ರ. ಡಿಸೈನ್ ಅಂತ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಬಂದದ್ದು. ಅಲ್ಲಿನ ಆಪರೇಟರ್ ಅಣ್ಣ ಕೋರಲ್ ಡ್ರಾ ಸಾಫ್ಟ್‌ವೇರ್ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಯಾರೇ ಫೈಲ್ ತಂದರೂ ಮೊದಲ ಮಾತು "ಕರ್ವ್ಸ್ ಮಾಡಿದ್ದೀರಾ?" ನಾನು ಔಟ್‌ಲೈನ್ ಅಂದದ್ದಕ್ಕೆ ಕೋರಲ್‌ನವರ ಹೆಸರು ಅದು. ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ. ನನ್ನ 9,200 ರೂಪಾಯಿ ಉಳಿಯಲು ಬೇಕಿದ್ದದ್ದು ಆ ಮೂರು ಕೀ. ತಿದ್ದಲು ಬರುವ ಒಂದು ಪ್ರತಿ ಬೇರೆ ಇಟ್ಟುಕೊಂಡೇ ಮಾಡಿ, ಕರ್ವ್ಸ್ ಆದಮೇಲೆ ಅಕ್ಷರ ಟೈಪ್ ಮಾಡಿ ಬದಲಿಸಲು ಆಗುವುದಿಲ್ಲ.

ಕಪ್ಪು ಅಕ್ಷರವನ್ನು ಬರೀ ಕಪ್ಪು ಇಂಕಿನಲ್ಲೇ ಇಡಬೇಕು ಅಂತ ಗೊತ್ತಾದದ್ದೂ ಅಲ್ಲೇ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ ನಾಲ್ಕು ಪ್ಲೇಟ್‌ಗಳೂ ಕೂದಲೆಳೆಯಷ್ಟೂ ಜರುಗದೆ ಕೂರಬೇಕು. ಜರುಗಿದರೆ ಸಣ್ಣ ಒತ್ತಕ್ಷರದ ಅಂಚಿಗೆ ಕೆಂಪು, ನೀಲಿ ನೆರಳು ಬೀಳುತ್ತದೆ. ಆಚೆ ಈಚೆ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ, ಬಿಡದಿದ್ದರೆ ಕಟಿಂಗ್‌ನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಸಣ್ಣದಾದರೆ ಇಂಕ್ ಹರಡಿ ಒತ್ತುಗಳು ಮುಚ್ಚಿಹೋಗುತ್ತವೆ. ಇವನ್ನು ಪುಸ್ತಕದಲ್ಲೂ ಓದಬಹುದು. ಆದರೆ ಒದ್ದೆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದವನು ಮರೆಯುವುದಿಲ್ಲ.

ವೆಬ್ ಮಾಡುವ ಆಸೆ ಅಂದಿದ್ದೀರಿ. ಅಲ್ಲೂ ಕನ್ನಡದ ವಿಷಯವೇ ದೊಡ್ಡದು. ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಬರೆದದ್ದನ್ನು ಚಿತ್ರವಾಗಿ ಮಾಡಿ ಅಂಟಿಸಬೇಡಿ, ಗೂಗಲ್ಲಿನಲ್ಲಿ ಹುಡುಕಿದವರಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಎಲ್ಲ ಮುಕ್ತ ಲೈಸೆನ್ಸ್‌ನಲ್ಲಿವೆ, ಹಣದ ಕೆಲಸಕ್ಕೂ ಬಳಸಬಹುದು. ಓದುವ ಬರಹಕ್ಕೆ ನಾನು ನೋಟೊ ಹಾಕುತ್ತೇನೆ, ತಲೆಬರಹಕ್ಕೆ ಅನೇಕ್. ಇಂಗ್ಲಿಷ್ ಪುಟಕ್ಕೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ನಾನು ಅಂತರವನ್ನು ಅಕ್ಷರದ ಅಳತೆಯ 1.6 ಪಟ್ಟಿಗಿಂತ ಕೆಳಗೆ ಇಳಿಸುವುದಿಲ್ಲ. ಕೆಲಸ ಮುಗಿದ ಮೇಲೆ ಜುಲೈ ಮಳೆಯಲ್ಲಿ, ಕರೆಂಟ್ ಹೋದಾಗ, ತೋಟದ ನಡುವೆ ನೆಟ್‌ವರ್ಕ್ ಒಂದೇ ಕಡ್ಡಿ ಇರುವ ಕಡೆ ನಿಂತು ಫೋನಿನಲ್ಲಿ ಪುಟ ತೆರೆದು ನೋಡಿ. ಹೋಂಸ್ಟೇ ಮಾಲೀಕರು ತಮ್ಮ ಸೈಟ್ ನೋಡುವುದು ಅಲ್ಲೇ.

ಸ್ಫೂರ್ತಿಗೆ ಯಾವ ಸೈಟ್ ನೋಡಲಿ ಅಂದಿದ್ದೀರಿ. ಪಿಂಟರೆಸ್ಟ್‌ನಲ್ಲಿ ಕಾಫಿ ಲೋಗೊ ಅಂತ ಹುಡುಕುವುದನ್ನು ದಯವಿಟ್ಟು ಬಿಡಿ. ಅದರ ಫಲವೇ ನಮ್ಮ ಜಿಲ್ಲೆಯ ಬೋರ್ಡುಗಳ ಮೇಲೆಲ್ಲ ಅದೇ ಕಾಫಿ ಬೀಜ, ಕೊಡವರು ಸೊಂಟಕ್ಕೆ ಸಿಕ್ಕಿಸುವ ಅದೇ ಪೀಚೆಕತ್ತಿ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋಗಿ ಗೋಡೆ, ಚಾವಣಿಯ ಚಿತ್ರ ನೋಡಿ. ಹಳೇ ಅಂಗಡಿಗಳ ಕೈಬರಹದ ಬೋರ್ಡ್ ಕಂಡಲ್ಲಿ ನಿಂತು, ಬ್ರಷ್ ಹಿಡಿದವರು ಒತ್ತಿಗೆ ಹೇಗೆ ಜಾಗ ಮಾಡಿಕೊಂಡಿದ್ದಾರೆ ಅಂತ ಗಮನಿಸಿ. ಫೋಟೊ ತೆಗೆದರೆ ಸಾಲದು, ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಕಲಿಯಲು ಮನೆಯಲ್ಲಿರುವ ಹಳೇ ಕಂಪ್ಯೂಟರ್ ಸಾಕು. ಇಲ್ಲಸ್ಟ್ರೇಟರ್‌ನಂಥದ್ದೇ ಆದ ಇಂಕ್‌ಸ್ಕೇಪ್ ಪುಕ್ಕಟೆ ಸಿಗುತ್ತದೆ, ಕನ್ನಡ ಒತ್ತುಗಳನ್ನು ಸರಿಯಾಗಿ ಜೋಡಿಸುತ್ತದೆ. ವೆಬ್ ಪುಟ ವಿನ್ಯಾಸ ಮಾಡುವ ಫಿಗ್ಮಾದಲ್ಲೂ ದುಡ್ಡು ಕೊಡದೆ ಶುರುಮಾಡಬಹುದು. ಮ್ಯಾಕ್‌ಬುಕ್ ಯೋಚನೆ ಗಿರಾಕಿಗಳು ಬಂದಮೇಲೆ ಮಾಡಿ.

ನಾಳೆಯೇ ಹತ್ತಿರದ ಯಾವುದಾದರೂ ಪ್ರೆಸ್ಸಿಗೆ ಹೋಗಿ, ಸಂಬಳ ಬೇಡ, ಪ್ರೂಫ್ ಓದಿಕೊಡುತ್ತೇನೆ ಅಂತ ಕೇಳಿ. ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆ ಕೆಲಸ ರಾಶಿ ಬಿದ್ದಿರುತ್ತದೆ, ಓದುವ ಕಣ್ಣು ಅವರಿಗೂ ಬೇಕು. ಮೊದಲ ದಿನ ಊರಿನ ಹೆಸರುಗಳಿಂದಲೇ ಶುರುಮಾಡಿ, ಒಂದೊಂದು ಒತ್ತನ್ನೂ ಬೆರಳಿಟ್ಟು ಓದಿ.