ಹೋಮ್‌ಸ್ಟೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ಅತಿಥಿಗಳ ಆಧಾರ್ ಸೇಫ್ ಆಗುತ್ತಾ?

ನೀವು ಕೇಳಿರುವುದು ಇಷ್ಟು: ಮಡಿಕೇರಿ ಹತ್ತಿರ ಹೋಮ್‌ಸ್ಟೇ ಇದೆ, ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ, ಅದರಲ್ಲಿ ನಾಲ್ಕೈದು ವರ್ಷದ ಅತಿಥಿಗಳ ಆಧಾರ್ ಕಾಪಿಗಳಿವೆ, ಲಿನಕ್ಸ್ ಹಾಕಿದರೆ ಎಲ್ಲ ಸೇಫ್ ಆಗುತ್ತಾ ಅಂತ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ಹಾಕಿ, ಖಂಡಿತ ಹಾಕಿ. ಆದರೆ ಹಾಕುವಾಗ ಒಂದು ಟಿಕ್ ಮಾರ್ಕ್ ಬಿಟ್ಟುಹೋದರೆ ನಿಮಗಿರುವ ಭಯ ಹಾಗೇ ಉಳಿಯುತ್ತದೆ. ಆ ಟಿಕ್ ಮಾರ್ಕ್ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಹಾಜರಿ ಪಟ್ಟಿ), ಸಂಬಳ, ಬ್ಯಾಂಕಿಗೆ ಕಳಿಸುವ ಪಟ್ಟಿ ಎಲ್ಲ ನನ್ನದೇ ಕೆಲಸ. ಲೈನ್‌ಮನೆಯವರ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಹೆಬ್ಬೆಟ್ಟು ಒತ್ತಿದ ಕಾಗದಗಳ ಸ್ಕ್ಯಾನ್, ಎಲ್ಲವನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟಿದ್ದೆ. ಒಂದು ಸಲ ಸಿಡಿಲು ಮಳೆಯ ರಾತ್ರಿ ಅದು ಕೆಟ್ಟುಹೋಯಿತು. ರಿಪೇರಿಗೆ ಕೊಟ್ಟೆ. ಹೊಸ ಡಿಸ್ಕ್ ಹಾಕಿಕೊಟ್ಟರು, ದುಡ್ಡು ಕೊಟ್ಟು ಬಂದೆ. ಹಳೇ ಡಿಸ್ಕ್ ವಾಪಸ್ ಕೇಳಬೇಕು ಅಂತ ಹೊಳೆಯಲೇ ಇಲ್ಲ. ಮೂರು ವಾರ ಬಿಟ್ಟು ನೆನಪಾಗಿ ಓಡಿದರೆ, ಅದು ಗುಜರಿಗೆ ಹೋಯಿತು ಅಂದರು.

ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡ್ ಇತ್ತಲ್ಲ ಅಂತ ಮೊದಲು ಸಮಾಧಾನ ಮಾಡಿಕೊಂಡೆ. ಆಮೇಲೆ ಗೊತ್ತಾಯಿತು, ಲಾಗಿನ್ ಪಾಸ್‌ವರ್ಡ್ ಮಾತ್ರ ಇದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದ ಕೂಡಲೇ ಫೈಲುಗಳೆಲ್ಲ ತೆರೆಯುತ್ತವೆ. ಇದು ವಿಂಡೋಸ್‌ಗೂ ಅಷ್ಟೇ, ಲಿನಕ್ಸ್‌ಗೂ ಅಷ್ಟೇ. ಸಂಬಳದ ದಿನ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದೆ. ಒಬ್ಬರು ವಯಸ್ಸಾದವರು, "ರೈಟರ್ರೇ, ನನ್ನ ಹೆಬ್ಬೆಟ್ಟೂ ಅದರಲ್ಲಿ ಇತ್ತಾ?" ಅಂದರು. ಇತ್ತು. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿದವರಿಗೆಲ್ಲ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ (ಬೆರಳಚ್ಚನ್ನು ಬೇರೆಯವರು ಬಳಸದಂತೆ ಹಾಕುವ ಬೀಗ) ಮಾಡಿಕೊಟ್ಟೆ. ನಂಬರ್ ಇಲ್ಲದವರನ್ನು ಆಧಾರ್ ಸೆಂಟರ್‌ಗೆ ಕರೆದುಕೊಂಡು ಹೋಗಿ ಮೊದಲು ನಂಬರ್ ಸೇರಿಸಬೇಕಾಯಿತು. ಆ ಡಿಸ್ಕ್‌ನಿಂದ ಯಾರಿಗೂ ತೊಂದರೆ ಆದದ್ದು ನನಗೆ ತಿಳಿದಿಲ್ಲ, ಆದರೂ ಆ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ.

ಈಗ ನಿಮ್ಮ ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೇ ಯಂತ್ರಗಳಲ್ಲಿ ಎಷ್ಟೋ ಕಡೆ ವಿಂಡೋಸ್ 11 ಕೂರುವುದಿಲ್ಲ. ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ಹೊಸದಾಗಿ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. 4 ಜಿಬಿ ರ‍್ಯಾಮ್ ಇದ್ದರೆ ಆರಾಮ, ಅಷ್ಟಿದ್ದೂ ನಿಧಾನ ಅನಿಸಿದರೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್ ಇರುವ ಆವೃತ್ತಿ ತಗೊಳ್ಳಿ. ಮಿಂಟ್ ತುಂಬಿಸಿಕೊಳ್ಳಲು 8 ಜಿಬಿ ಪೆನ್‌ಡ್ರೈವ್ ಸಾಕು. ಅದರಿಂದಲೇ ಬೂಟ್ ಮಾಡಿ (ಲ್ಯಾಪ್‌ಟಾಪ್ ಶುರುಮಾಡಿ), ಏನನ್ನೂ ಇನ್‌ಸ್ಟಾಲ್ ಮಾಡದೆ ವೈಫೈ, ಸೌಂಡ್, ಪ್ರಿಂಟರ್ ನಡೆಯುತ್ತಾ ನೋಡಬಹುದು.

ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆ ಬರುತ್ತದೆ (ಬೇಕಾದ ಫೈಲುಗಳನ್ನು ಮೊದಲೇ ಬೇರೆ ಕಡೆ ಇಟ್ಟುಕೊಂಡಿರಿ). ಅದರ ಕೆಳಗೆ 'ಅಡ್ವಾನ್ಸ್ಡ್ ಫೀಚರ್ಸ್' ಅಂತ ಒಂದು ಬಟನ್, ಸುಮಾರು ಜನ ಅದನ್ನು ನೋಡದೆ ಮುಂದೆ ಹೋಗುತ್ತಾರೆ. ಅದನ್ನು ಒತ್ತಿ, ಎಲ್‌ವಿಎಂ (ಡಿಸ್ಕಿನ ಜಾಗ ಹಂಚುವ ಒಂದು ವಿಧಾನ) ಆರಿಸಿ, ಎನ್‌ಕ್ರಿಪ್ಟ್ ಅನ್ನುವುದಕ್ಕೆ ಟಿಕ್ ಹಾಕಿ. ನಾನು ಹೇಳಿದ ಟಿಕ್ ಮಾರ್ಕ್ ಇದೇ. ಇದನ್ನು ಹಾಕಿದರೆ ಎಲ್‌ಯುಕೆಎಸ್ ಎಂಬ ವ್ಯವಸ್ಥೆ ಡಿಸ್ಕಿನಲ್ಲಿರುವುದನ್ನೆಲ್ಲ ಗುಟ್ಟಿನ ಲಿಪಿಯಲ್ಲೇ ಬರೆಯುತ್ತದೆ. ಲ್ಯಾಪ್‌ಟಾಪ್ ಆನ್ ಮಾಡಿದಾಗಲೇ ಪಾಸ್‌ವರ್ಡ್ ಕೇಳುತ್ತದೆ. ಡಿಸ್ಕ್ ಬಿಚ್ಚಿ ಯಾರ ಕೈಗೆ ಹೋದರೂ ಅವರಿಗೆ ಸಿಗುವುದು ಬರೀ ಅರ್ಥವಿಲ್ಲದ ಅಕ್ಷರ. ನಿಮ್ಮ ಡಿಸ್ಕಿನಲ್ಲಿ ಹಳೇ ಆಧಾರ್ ಕಾಪಿಗಳು ಈಗಾಗಲೇ ಇರುವುದರಿಂದ, ಖಾಲಿ ಜಾಗದ ಮೇಲೂ ಹೊಸದಾಗಿ ಬರೆಯುವ ಆಯ್ಕೆ ಕಾಣಿಸಿದರೆ ಅದಕ್ಕೂ ಟಿಕ್ ಹಾಕಿ. ಗಂಟೆಗಟ್ಟಲೆ ಹಿಡಿಯಬಹುದು, ಹಿಡಿಯಲಿ. ಕರೆಂಟ್ ಗಟ್ಟಿಯಾಗಿರುವ ದಿನ ನೋಡಿ ಮಾಡಿ.

ಎರಡು ಎಚ್ಚರಿಕೆ. ಆ ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲು ಆಗುವುದಿಲ್ಲ, ಲಿನಕ್ಸ್ ಮಾಡಿದವರಿಂದಲೂ ಇಲ್ಲ. ಕಾಗದದಲ್ಲಿ ಬರೆದು ಆಸ್ತಿ ಪತ್ರದ ಜೊತೆ ಬೀರುವಿನಲ್ಲಿ ಇಡಿ. ಇನ್ನೊಂದು, ಈ ಬೀಗ ಕೆಲಸ ಮಾಡುವುದು ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗಿದ್ದಾಗ. ಸುಮ್ನೆ ಮುಚ್ಚಳ ಮುಚ್ಚಿ ರಿಪೇರಿಗೆ ಕೊಡಬೇಡಿ, ಶಟ್‌ಡೌನ್ ಮಾಡಿ ಕೊಡಿ.

ಕೊಡಗಿನವರಿಗೆ ಇನ್ನೊಂದು ಲಾಭ ಇದೆ. ಜೂನ್, ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ದಿನಗಟ್ಟಲೆ ನೆಟ್‌ವರ್ಕ್ ಇರುವುದಿಲ್ಲ, ಅಲ್ವಾ? ಆಗ ಆನ್‌ಲೈನ್ ಶೀಟ್‌ನಲ್ಲಿ ಲೆಕ್ಕ ಇಟ್ಟವರು ಕೈಕಟ್ಟಿ ಕೂರಬೇಕು. ಎಕ್ಸೆಲ್, ವರ್ಡ್ ಥರದ ಕೆಲಸಕ್ಕಿರುವ ಉಚಿತ ಸಾಫ್ಟ್‌ವೇರ್ ಲಿಬ್ರೆಆಫೀಸ್‌ನಲ್ಲಿ ಇಟ್ಟ ಲೆಕ್ಕ ಬ್ಯಾಟರಿ ಇರುವವರೆಗೂ ತೆರೆಯುತ್ತದೆ. ಕೀಪಾಸ್‌ಎಕ್ಸ್‌ಸಿ ಪಾಸ್‌ವರ್ಡ್‌ಗಳನ್ನೆಲ್ಲ ನಿಮ್ಮ ಡಿಸ್ಕಿನಲ್ಲೇ ಒಂದು ಬೀಗ ಹಾಕಿದ ಫೈಲಾಗಿ ಇಡುತ್ತದೆ. ಫೋನಿನಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿ ಒಮ್ಮೆ ನಕ್ಷೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ದಾರಿಯಲ್ಲೂ ತೋರಿಸುತ್ತದೆ, ನೀವು ಎಲ್ಲಿಗೆ ಹೋದಿರಿ ಅಂತ ಲೆಕ್ಕ ಇಡುವುದಿಲ್ಲ. ನಮ್ಮ ಮಾಹಿತಿ ನಮ್ಮ ಹತ್ತಿರವೇ ಇರುವ ಸಾಫ್ಟ್‌ವೇರ್ ನಮ್ಮ ಮಳೆಗಾಲಕ್ಕೂ ಹೊಂದುತ್ತದೆ ಅನ್ನುವುದು ನಾನು ಬಳಸಿ ಕಂಡದ್ದು.

ಬ್ರೌಸರ್ ವಿಷಯ ಚಿಕ್ಕದು. ಲಿನಕ್ಸ್‌ನಲ್ಲೂ ಕ್ರೋಮ್ ಹಾಕಿ ಗೂಗಲ್ ಅಕೌಂಟಿಗೆ ಲಾಗಿನ್ ಆಗಿಯೇ ಕೂತರೆ, ಗೂಗಲ್‌ಗೆ ಮೊದಲು ತಿಳಿಯುತ್ತಿದ್ದದ್ದು ಈಗಲೂ ತಿಳಿಯುತ್ತದೆ. ಫೈರ್‌ಫಾಕ್ಸ್ ಬಳಸಿ, ಜಾಹೀರಾತು ಮತ್ತು ಹಿಂಬಾಲಿಸುವವರನ್ನು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿ. ಸಾಕು.

ನಿಮ್ಮ ನಿಜವಾದ ಸೋರಿಕೆ ಬಹುಶಃ ಫೋನಿನಲ್ಲಿದೆ. ಅತಿಥಿಗಳು ಆಧಾರ್ ಫೋಟೋ ವಾಟ್ಸಾಪ್‌ನಲ್ಲೇ ಕಳಿಸುತ್ತಾರಲ್ಲ? ಅದು ತಾನಾಗಿ ಗ್ಯಾಲರಿಗೆ ಇಳಿಯುತ್ತದೆ, ಆ ಫೋಲ್ಡರ್‌ಗೆ ಬ್ಯಾಕಪ್ ಆನ್ ಇದ್ದರೆ ಅಲ್ಲಿಂದ ಕ್ಲೌಡ್‌ಗೆ ಹೋಗುತ್ತದೆ, ಅದೇ ಅಕೌಂಟ್ ಮಕ್ಕಳ ಟ್ಯಾಬ್‌ನಲ್ಲಿದ್ದರೆ ಅಲ್ಲೂ ಕಾಣುತ್ತದೆ. ಲ್ಯಾಪ್‌ಟಾಪ್‌ಗೆ ಎಷ್ಟೇ ದೊಡ್ಡ ಬೀಗ ಹಾಕಿದರೂ ಇದು ನಿಲ್ಲುವುದಿಲ್ಲ. ವಾಟ್ಸಾಪ್‌ನಲ್ಲಿ ಗ್ಯಾಲರಿಗೆ ಇಳಿಯುವುದನ್ನು ಆಫ್ ಮಾಡಿ, ಚಾಟ್ ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಆನ್ ಮಾಡಿ. ಬುಕಿಂಗ್ ಮೆಸೇಜ್‌ನಲ್ಲೇ ಮಾಸ್ಕ್ ಮಾಡಿದ ಆಧಾರ್ ಕಳಿಸಿ ಅಂತ ಕೇಳಿ. 12 ಅಂಕಿಯಲ್ಲಿ ಕೊನೆಯ 4 ಮಾತ್ರ ಕಾಣುವ ಪ್ರತಿ ಅದು, ಯುಐಡಿಎಐ ಸೈಟಿನಲ್ಲೇ ಸಿಗುತ್ತದೆ. ಬೆರಳಿನ ನಾಲ್ಕು ಒತ್ತಿಗೆ ಮುಗಿಯುವ ಕೆಲಸ, ಬೆಂಗಳೂರಿನಿಂದ ಬರುವವರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಳೇ ಕಾಪಿಗಳಲ್ಲಿ ಎಷ್ಟು ಅವಧಿಯವು ಬೇಕು ಅಂತ ನಿಮ್ಮ ಪೊಲೀಸ್ ಠಾಣೆಯಲ್ಲಿ ಕೇಳಿಕೊಂಡು, ಉಳಿದದ್ದನ್ನು ಹೊಸ ಲಿನಕ್ಸ್‌ಗೆ ತರಲೇಬೇಡಿ.

ಇಷ್ಟೆಲ್ಲ ತಲೆಬಿಸಿ ಯಾಕೆ ಅಂತ ಮನೆಯವರು ಕೇಳಬಹುದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಬಗ್ಗೆ ಹಾಕಿದ ಕೇಸಿನಲ್ಲೇ. ಆ ಹಕ್ಕು ನಿಮ್ಮ ಅತಿಥಿಗೂ ಇದೆ, ನಮ್ಮ ಲೈನ್‌ಮನೆಯವರಿಗೂ ಇದೆ.

ಬದಲಾಯಿಸುವ ಮುಂಚೆ ಎರಡು ತೊಡಕು ಹೇಳಿಬಿಡುತ್ತೇನೆ. ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಕನ್ನಡ ಟೈಪಿಂಗ್‌ನ 'ನುಡಿ' ಸಾಫ್ಟ್‌ವೇರ್‌ನ ಹಳೇ ಫಾಂಟಿನಲ್ಲಿ ಬರೆದ ಫೈಲುಗಳು ಗೋಜಲಾಗಿ ಕಾಣುತ್ತವೆ, ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿ. ಟೈಪ್ ಮಾಡಲು ಹೆದರಬೇಡಿ, ನಿಮಗೆ ರೂಢಿಯಿರುವ ಕೆಜಿಪಿ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ.

ನಿಮ್ಮ ಪ್ರಿಂಟರ್ ಯಾವುದು ಅಂತ ಬರೆದಿಲ್ಲ. ಎಚ್‌ಪಿ ಆದರೆ ಹೆಚ್ಚಿನವು ಸುಲಭವಾಗಿ ಕೂರುತ್ತವೆ. ಬೇರೆಯಾದರೆ ಮಾಡೆಲ್ ನಂಬರ್ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.