ಕಣ್ಣಿನ ಮುಂಭಾಗದ ಓಸಿಟಿ ಸ್ಕ್ಯಾನ್ ಸುರಕ್ಷಿತವೇ? ಸ್ಲಿಟ್ ಲ್ಯಾಂಪಿನಲ್ಲಿ ನೋಡಿದ ಮೇಲೂ ಅದು ಏಕೆ ಬೇಕು?

ಕಣ್ಣಿನೊಳಗಿನ ಕೋನ (ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಮತ್ತು ಬಣ್ಣದ ಭಾಗವಾದ ಐರಿಸ್ ಸಂಧಿಸುವ, ಕಣ್ಣಿನೊಳಗಿನ ದ್ರವ ಹೊರಹರಿಯುವ ಮೂಲೆ) ಕಿರಿದಾಗಿರಬಹುದೆಂದು ವೈದ್ಯರು ಮುಂಭಾಗದ ಓಸಿಟಿ ಸ್ಕ್ಯಾನ್, ಅಂದರೆ ಬೆಳಕಿನಿಂದ ಕಣ್ಣಿನ ಅಡ್ಡಕೊಯ್ತದ ಚಿತ್ರ ತೆಗೆಯುವ ಪರೀಕ್ಷೆ, ಬರೆದುಕೊಟ್ಟಿದ್ದಾರೆ, ಅದರ ಬೆಳಕಿನಿಂದ ಹಾನಿಯಾದೀತೇ, ಸ್ಲಿಟ್ ಲ್ಯಾಂಪಿನಲ್ಲಿ (ಕಿರಿದಾದ ಬೆಳಕಿನ ಪಟ್ಟಿ ಹಾಯಿಸಿ ಕಣ್ಣನ್ನು ದೊಡ್ಡದಾಗಿ ನೋಡುವ ಸೂಕ್ಷ್ಮದರ್ಶಕ) ಆಗಲೇ ಪರೀಕ್ಷಿಸಿದ ಮೇಲೆ ಇದರ ಅಗತ್ಯವೇನು ಎಂದು ಕೇಳಿದ್ದೀರಿ. ಈ ಯಂತ್ರದಲ್ಲಿ ಕಣ್ಣುಗಳನ್ನು ಚಿತ್ರಿಸುವುದೇ ನನ್ನ ವೃತ್ತಿಯಾಗಿರುವುದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಯಂತ್ರ ಕಣ್ಣನ್ನು ಮುಟ್ಟುವುದಿಲ್ಲ, ಮರಗಟ್ಟಿಸುವ ಹನಿಯೂ ಬೇಕಾಗುವುದಿಲ್ಲ. ಗದ್ದವನ್ನು ಆಧಾರದ ಮೇಲಿಟ್ಟು, ಎದುರಿಗೆ ಕಾಣುವ ಗುರುತನ್ನು ಕೆಲವು ಕ್ಷಣ ನೋಡುತ್ತಿದ್ದರೆ ಸಾಕು. ಮುಂಭಾಗಕ್ಕೆಂದೇ ರೂಪಿಸಿದ ಅನೇಕ ಯಂತ್ರಗಳು ಬಳಸುವುದು ಸುಮಾರು 1310 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ಈ ಬೆಳಕನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಕಣ್ಣಿನೊಳಗೆ ತುಂಬಿರುವುದು ಬಹುಪಾಲು ನೀರೇ ಆದ್ದರಿಂದ ಕಣ್ಣಿನ ಹಿಂಬದಿಯ ಅಕ್ಷಿಪಟಲದವರೆಗೆ (ರೆಟಿನಾ) ತಲುಪುವ ಅಂಶ ತೀರಾ ಕಡಿಮೆ. ಅಕ್ಷಿಪಟಲಕ್ಕಾಗಿ ಇರುವ ಯಂತ್ರಕ್ಕೇ ಹೆಚ್ಚುವರಿ ಮಸೂರ ಜೋಡಿಸಿ 840 ನ್ಯಾನೋಮೀಟರ್ ಆಸುಪಾಸಿನ ಬೆಳಕಿನಲ್ಲಿ ಚಿತ್ರ ತೆಗೆಯುವುದೂ ಉಂಟು. ಅಲ್ಲಿಯೂ ಬೆಳಕಿನ ಶಕ್ತಿಯನ್ನು ಸುರಕ್ಷತೆಯ ಮಿತಿಯೊಳಗೇ ಇಟ್ಟಿರುತ್ತಾರೆ. ಕ್ಷಕಿರಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಯಂತ್ರ ಬೆಳಕನ್ನು ಎರಡಾಗಿ ಸೀಳಿ, ಒಂದು ಪಾಲನ್ನು ಕಣ್ಣಿಗೂ ಇನ್ನೊಂದನ್ನು ಒಳಗಿನ ಕನ್ನಡಿಗೂ ಕಳುಹಿಸುತ್ತದೆ. ಹಿಂದಿರುಗಿದ ಎರಡೂ ಪಾಲುಗಳು ಕೂಡಿದಾಗ ಉಂಟಾಗುವ ವ್ಯತಿಕರಣದಿಂದ (ಅಲೆಗಳು ಒಂದರ ಮೇಲೊಂದು ಬಿದ್ದು ಬೆಳಕು ಹೆಚ್ಚುಕಡಿಮೆಯಾಗುವುದರಿಂದ), ಯಾವ ಆಳದಿಂದ ಎಷ್ಟು ಬೆಳಕು ಪ್ರತಿಫಲಿಸಿತೆಂದು ಲೆಕ್ಕಹಾಕಿ, ಅಂಥ ಸಾಲುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ ಅಡ್ಡಕೊಯ್ತದ ಚಿತ್ರವನ್ನು ಕಟ್ಟುತ್ತದೆ. 1991ರಲ್ಲಿ ಪ್ರಕಟವಾದ ಈ ತಂತ್ರವನ್ನು 1994ರಲ್ಲಿ ಕಣ್ಣಿನ ಮುಂಭಾಗಕ್ಕೂ ಅನ್ವಯಿಸಲಾಯಿತು. ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಕಾರ್ನಿಯಾದ ಪದರಗಳನ್ನೂ ಇಂದಿನ ಯಂತ್ರಗಳು ಬಿಡಿಸಿ ತೋರಿಸಬಲ್ಲವು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕಾರ್ನಿಯಾ ಮತ್ತು ಐರಿಸ್ ಸಂಧಿಸುವ ಮೂಲೆಯಿಂದ ಹೊರಟ ಬೆಳಕು ಕಾರ್ನಿಯಾದ ಹೊರಮೈಯನ್ನು ತೀರಾ ಓರೆಯಾಗಿ ತಾಕಿ ಒಳಕ್ಕೇ ಪ್ರತಿಫಲಿಸಿಬಿಡುವುದರಿಂದ, ಸ್ಲಿಟ್ ಲ್ಯಾಂಪಿನ ಮುಂದೆ ಎಷ್ಟೇ ನುರಿತವರು ಕುಳಿತರೂ ಕೋನ ನೇರವಾಗಿ ಕಾಣುವುದಿಲ್ಲ. ಅದನ್ನು ಕಾಣಲು ಕನ್ನಡಿಯಿರುವ ಮಸೂರವನ್ನು ಕಣ್ಣಿನ ಮೇಲಿಟ್ಟು ಗೋನಿಯೋಸ್ಕೋಪಿ ಮಾಡಬೇಕು. ಆದರೆ ಅದಕ್ಕೆ ಕಾಣುವ ಬೆಳಕು ಬೇಕು. ಆ ಬೆಳಕು ಪಾಪೆಯೊಳಗೆ ಬಿದ್ದರೆ ಪಾಪೆ ಕಿರಿದಾಗಿ, ಐರಿಸ್ ಎಳೆದುಕೊಂಡು, ಮುಚ್ಚಿಕೊಂಡಿದ್ದ ಕೋನವೂ ತೆರೆದಂತೆ ತೋರಬಹುದು. ಕತ್ತಲಲ್ಲಿ ಪಾಪೆ ಹಿಗ್ಗುತ್ತದೆ, ಐರಿಸಿನ ಅಂಚು ಮೂಲೆಯಲ್ಲಿ ಮುದುಡಿ ದಪ್ಪವಾಗುತ್ತದೆ, ಅಪಾಯವಿದ್ದರೆ ಅದು ಹೊರಬೀಳುವುದು ಆಗಲೇ. ಓಸಿಟಿಯ ಬೆಳಕು ಪಾಪೆಯನ್ನು ಕೆರಳಿಸದ ಕಾರಣ ಕತ್ತಲಲ್ಲಿರುವ ಕೋನವನ್ನು ಇದ್ದಂತೆಯೇ ಸೆರೆಹಿಡಿದು ಅಳೆಯಬಹುದು. ಈ ಸ್ಕ್ಯಾನಿನ ನಿಜವಾದ ಬೆಲೆ ಇದರಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಕೊಠಡಿಯ ದೀಪ ಆರಿಸಿ ಚಿತ್ರ ತೆಗೆಯುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ.

ಹಾಗೆಂದು ಗೋನಿಯೋಸ್ಕೋಪಿಯನ್ನು ಬಿಟ್ಟುಬಿಡಬಹುದೆಂದು ದಯವಿಟ್ಟು ಭಾವಿಸಬೇಡಿ. ಓಸಿಟಿಯ ಚಿತ್ರದಲ್ಲಿ ಕಾಣುವ ಬಣ್ಣ ಕೇವಲ ಗಣಕದ್ದು. ಮೂಲೆಯಲ್ಲಿ ಶೇಖರವಾದ ವರ್ಣಕಣಗಳಾಗಲಿ, ಹೊಸದಾಗಿ ಹುಟ್ಟಿದ ಸೂಕ್ಷ್ಮ ರಕ್ತನಾಳಗಳಾಗಲಿ ಅದರಲ್ಲಿ ನಂಬುವಂತೆ ಗೋಚರಿಸುವುದಿಲ್ಲ. ಐರಿಸ್ ಮೂಲೆಗೆ ಬರಿದೇ ತಾಗಿಕೊಂಡಿದೆಯೋ ಅಥವಾ ಅಂಟಿಯೇ ಹೋಗಿದೆಯೋ ಎಂಬುದನ್ನು ವೈದ್ಯರು ಮಸೂರದಿಂದ ಮೆಲ್ಲನೆ ಒತ್ತಿ ನೋಡಿ ತೀರ್ಮಾನಿಸುತ್ತಾರೆ, ಚಿಕಿತ್ಸೆಯ ದಾರಿಯೂ ಅದನ್ನು ಅವಲಂಬಿಸಿರುತ್ತದೆ. ಮೇಲಾಗಿ ಐರಿಸಿನ ಹಿಂಬದಿಯ ದಟ್ಟ ವರ್ಣಪದರ ಬೆಳಕನ್ನು ತಡೆಯುವುದರಿಂದ, ಅದರ ಹಿಂದೆ ಸಮಸ್ಯೆಯಿರುವ ಶಂಕೆ ಬಂದರೆ ಧ್ವನಿತರಂಗ ಬಳಸುವ ಅಲ್ಟ್ರಾಸೌಂಡ್ ಬಯೋಮೈಕ್ರೋಸ್ಕೋಪಿಯೇ ಬೇಕಾಗುತ್ತದೆ.

ಸ್ಕ್ಯಾನಿನ ಹೊತ್ತಿಗೆ ರೆಪ್ಪೆಗಳನ್ನು ಬಿಗಿಹಿಡಿಯಬೇಡಿ. ಮೇಲಿನ ಮತ್ತು ಕೆಳಗಿನ ಕೋನಗಳನ್ನು ರೆಪ್ಪೆಯೇ ಮರೆಮಾಡುತ್ತದೆ. ಚಿತ್ರ ತೆಗೆಯುವವರು ಅದನ್ನು ಬೆರಳಿನಿಂದ ಎತ್ತಿ ಹಿಡಿದರೆ ಗಾಬರಿಯಾಗುವುದು ಬೇಡ, ಕಣ್ಣುಗುಡ್ಡೆಯ ಮೇಲೆ ಒತ್ತಡ ಬಿದ್ದಂತೆ ಅನಿಸಿದರೆ ಮಾತ್ರ ತಕ್ಷಣ ಹೇಳಿ, ಏಕೆಂದರೆ ಆ ಒತ್ತಡದಿಂದ ಕೋನದ ಅಳತೆಯೇ ಬದಲಾಗಬಹುದು.