ಇಲಿಗೆ ವಾಸಿಯಾಯಿತು, ನನಗೂ ಆಗುತ್ತದಾ?

ಪ್ರಶ್ನೆ: ನನಗೆ 6 ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇದೆ. ದಿನಾ ಮೆಸಲಮೈನ್ ಮಾತ್ರೆ ನುಂಗುತ್ತೇನೆ. ಯಾವುದೋ ಗಿಡದ ಸಾರ ಕೊಟ್ಟಾಗ ಇಲಿಗಳ ಕೊಲೈಟಿಸ್ 10 ದಿನದಲ್ಲಿ ವಾಸಿಯಾಯಿತು ಅಂತ ಮೊನ್ನೆ ಓದಿದೆ. ಮಾತ್ರೆ ಬಿಟ್ಟು ಅದನ್ನೇ ಶುರು ಮಾಡಬಹುದಾ?

ಉತ್ತರ: ದಯವಿಟ್ಟು ಮಾತ್ರೆ ಬಿಡಬೇಡಿ. ಆರಾಮಾಗಿದ್ದೇನೆ ಅನ್ನಿಸುವ ದಿನಗಳಲ್ಲೂ ಕಾಯಿಲೆ ಮತ್ತೆ ಕೆರಳದಂತೆ ಹಿಡಿದಿಡುವ ಕೆಲಸ ಅದರದ್ದು. ಏನೇ ಬದಲಾಯಿಸುವುದಿದ್ದರೂ ನಿಮ್ಮ ಡಾಕ್ಟರನ್ನು ಕೇಳಿಯೇ ಬದಲಾಯಿಸಿ.

ಇನ್ನು ಇಲಿಗಳ ವಿಷಯ. 12 ವರ್ಷ ನಾನು ಮಾಡಿದ್ದು ಇದೇ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲ್ಯಾಬಿನ ಸಾಮಾನ್ಯ ಇಲಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ನಾವೇ ಬರಿಸಬೇಕು. ಅದಕ್ಕೆ ಜಾಸ್ತಿ ಬಳಸುವುದು ಡೆಕ್ಸ್‌ಟ್ರಾನ್ ಸಲ್ಫೇಟ್ ಸೋಡಿಯಂ ಅನ್ನುವ ಪುಡಿ. ಲ್ಯಾಬಿನಲ್ಲಿ ಎಲ್ಲರೂ ಡಿಎಸ್‌ಎಸ್ ಅಂತಲೇ ಕರೆಯುತ್ತಾರೆ. ಕುಡಿಯುವ ನೀರಿಗೆ ಶೇ. 2ರಿಂದ 3ರಷ್ಟು ಬೆರೆಸಿ 5ರಿಂದ 7 ದಿನ ಇಟ್ಟರೆ ದೊಡ್ಡ ಕರುಳಿನ ಒಳಪದರ ಹಾಳಾಗುತ್ತದೆ. ಹಿಕ್ಕೆ ತೆಳ್ಳಗಾಗುತ್ತದೆ, ರಕ್ತ ಕಾಣುತ್ತದೆ, ತೂಕ ಇಳಿಯುತ್ತದೆ. ಕೊನೆಗೆ ಕರುಳನ್ನು ತೆಗೆದು ಸ್ಕೇಲಿನ ಪಕ್ಕ ಇಟ್ಟು ಅಳೆಯುತ್ತೇವೆ. ಉರಿಯೂತ ಆದ ಕರುಳು ಗಿಡ್ಡವಾಗಿರುತ್ತದೆ.

ಆದರೆ ಡಿಎಸ್‌ಎಸ್ ನೀರು ತೆಗೆದು ಬರೀ ನೀರು ಇಟ್ಟರೆ ಏನಾಗುತ್ತದೆ ಗೊತ್ತಾ? ಒಳಪದರ ಮತ್ತೆ ಬೆಳೆಯುತ್ತದೆ, ತೂಕ ವಾಪಸ್ ಬರುತ್ತದೆ. ಯಾವ ಔಷಧಿಯೂ ಇಲ್ಲದೆ! ನಿಮ್ಮ ಕಾಯಿಲೆ ಹಾಗಲ್ಲವಲ್ಲ. ಆದ್ದರಿಂದ ‘10 ದಿನದಲ್ಲಿ ವಾಸಿ’ ಅಂತ ಓದಿದ ಕೂಡಲೇ, ಔಷಧಿ ಕೊಡದೆ ಬಿಟ್ಟ ಇಲಿಗಳು 10ನೇ ದಿನ ಹೇಗಿದ್ದವು ಅಂತ ನಾನು ಹುಡುಕುತ್ತೇನೆ. ಔಷಧಿ ಶುರು ಮಾಡಿದ್ದು ಯಾವತ್ತು ಅಂತಲೂ ನೋಡುತ್ತೇನೆ. ಎಷ್ಟೋ ಪ್ರಯೋಗಗಳಲ್ಲಿ ಡಿಎಸ್‌ಎಸ್ ಇಟ್ಟ ದಿನವೇ, ಕೆಲವೊಮ್ಮೆ ಅದಕ್ಕೂ ಮುಂಚೆಯೇ ಔಷಧಿ ಕೊಟ್ಟಿರುತ್ತಾರೆ. ಕಾಯಿಲೆ ಬರದಂತೆ ತಡೆಯುವುದು ಬೇರೆ, ಬಂದದ್ದನ್ನು ವಾಸಿ ಮಾಡುವುದು ಬೇರೆ. ನೀವು ಡಾಕ್ಟರ ಹತ್ತಿರ ಹೋಗಿದ್ದು ರಕ್ತ ಕಂಡ ಮೇಲೆ ತಾನೆ?

ನನಗೇ ಆದದ್ದು ಹೇಳುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ಕಹಿ ಸಾರವನ್ನು ಡಿಎಸ್‌ಎಸ್ ನೀರಿಗೇ ಬೆರೆಸಿ 8 ಇಲಿಗಳಿಗೆ ಇಟ್ಟೆ. ಒಂದಕ್ಕೂ ರಕ್ತ ಬರಲಿಲ್ಲ. ಕರುಳು ಆರೋಗ್ಯವಾಗಿದ್ದ ಇಲಿಯದ್ದರಷ್ಟೇ ಉದ್ದ. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ತೂಕ ಮಾತ್ರ ಯಾಕೋ ಸ್ವಲ್ಪ ಇಳಿದಿತ್ತು. ವಾರದ ನಂತರ, ನೀರಿನ ಬಾಟಲಿಗಳ ತೂಕ ಬರೆದಿಟ್ಟ ಪುಸ್ತಕ ತೆಗೆದೆ. ಉಳಿದ ಇಲಿಗಳು ಕುಡಿದದ್ದರಲ್ಲಿ ಅರ್ಧದಷ್ಟನ್ನು ಮಾತ್ರ ಇವು ಕುಡಿದಿದ್ದವು. ಕಹಿ ಅಂತ ಬಾಟಲಿಗೆ ಸರಿಯಾಗಿ ಬಾಯಿ ಹಾಕಿರಲಿಲ್ಲ. ಡಿಎಸ್‌ಎಸ್ಸೇ ಸಾಕಷ್ಟು ಹೊಟ್ಟೆಗೆ ಹೋಗದ ಮೇಲೆ ಕಾಯಿಲೆ ಎಲ್ಲಿಂದ ಬರಬೇಕು? ಅದೇ ಸಾರವನ್ನು ನಳಿಕೆಯಿಂದ ನೇರ ಹೊಟ್ಟೆಗೆ ಕೊಟ್ಟು ಮತ್ತೆ ಮಾಡಿದೆ. ಎಲ್ಲಕ್ಕೂ ರಕ್ತ ಬಂತು.

ಹಾಗಂತ ಇಲಿ ಪ್ರಯೋಗ ಸುಮ್ನೆ ಅಂತ ತಿಳಿಯಬೇಡಿ. ಉರಿಯೂತವನ್ನು ತಣಿಸುವ ಐಎಲ್-10 ಅನ್ನುವ ಪ್ರೋಟೀನಿನ ಜೀನ್ ಇಲ್ಲದ ಇಲಿಗಳಿಗೆ ಕರುಳಿನ ಉರಿಯೂತ ಬರುತ್ತದೆ ಅಂತ 1993ರಲ್ಲಿ ಗೊತ್ತಾಯಿತು. ಅದೇ ಇಲಿಗಳನ್ನು ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದಾಗ ಕಾಯಿಲೆ ಬರಲೇ ಇಲ್ಲ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಇದರಲ್ಲಿ ಎಷ್ಟು ಪಾಲಿದೆ ಅಂತ ನಮಗೆ ಕಲಿಸಿದ್ದು ಇಂಥ ಇಲಿಗಳೇ. ಆದರೂ ಐಎಲ್-10 ಅನ್ನೇ ಔಷಧಿಯಾಗಿ ಕ್ರೋನ್ಸ್ (ಕರುಳಿನ ಉರಿಯೂತದ ಇನ್ನೊಂದು ಕಾಯಿಲೆ) ರೋಗಿಗಳಿಗೆ ಕೊಟ್ಟಾಗ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

ಇನ್ನೊಂದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಉರಿಯೂತ ಕೆರಳಿಸುವ ಐಎಲ್-17 ಅನ್ನುವ ಪ್ರೋಟೀನನ್ನು ತಡೆಯುವ ಔಷಧಿ ಸೆಕುಕಿನುಮ್ಯಾಬ್ ಕ್ರೋನ್ಸ್ ರೋಗಿಗಳಿಗೆ ಉಪಯೋಗವಾಗಲಿಲ್ಲ, ಕೆಲವರಿಗೆ ಕಾಯಿಲೆ ಹೆಚ್ಚೇ ಆಯಿತು. ಆ ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ಡಿಎಸ್‌ಎಸ್ ಇಲಿಗಳಲ್ಲಿ ಐಎಲ್-17 ತಡೆದರೆ ಉರಿಯೂತ ಜಾಸ್ತಿಯಾಗುತ್ತದೆ ಅಂತ 2004ರಲ್ಲೇ ವರದಿ ಬಂದಿತ್ತು. ಬೇರೆ ರಾಸಾಯನಿಕದಿಂದ ಕಾಯಿಲೆ ಬರಿಸಿದ ಇಲಿಗಳು ಇದಕ್ಕೆ ಉಲ್ಟಾ ಹೇಳಿದ್ದವು. ಇಲಿಗಳ ಮಾತು ಹೀಗೆ ಒಡೆದಾಗ, ನಮಗೆ ಬೇಕಾದ ಉತ್ತರ ಕೊಟ್ಟ ಇಲಿಯನ್ನಷ್ಟೇ ನಂಬುವುದು ತಪ್ಪು ಅಂತ ನನ್ನ ಅಭಿಪ್ರಾಯ.

ಗೆದ್ದದ್ದೂ ಇದೆ. ಕಾಟನ್‌ಟಾಪ್ ಟಾಮರಿನ್ ಅನ್ನುವ ಪುಟ್ಟ ಕೋತಿಗೆ ಕೂಡಿಹಾಕಿ ಸಾಕಿದರೆ ಕೊಲೈಟಿಸ್ ತಾನಾಗಿಯೇ ಬರುತ್ತದೆ. ಬಿಳಿ ರಕ್ತಕಣಗಳು ಕರುಳಿಗೆ ನುಗ್ಗದಂತೆ ತಡೆಯುವ ಆ್ಯಂಟಿಬಾಡಿ ಕೊಟ್ಟಾಗ ಅವು ಬೇಗ ಚೇತರಿಸಿಕೊಂಡದ್ದು 1996ರಲ್ಲಿ ವರದಿಯಾಯಿತು. ಅದೇ ದಾರಿಯ ವೆಡೊಲಿಜುಮ್ಯಾಬ್ ಅನ್ನುವ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ನೀವು ಓದಿದ ಗಿಡದ ಸಾರ ಈ ದಾರಿಯ ಮೊದಲ ಮೆಟ್ಟಿಲಲ್ಲಿದೆ.

ಪ್ರಶ್ನೆ: ಮುಂದಿನ ತಿಂಗಳು ಮೊದಲ ಸಲ ಡಿಎಸ್‌ಎಸ್ ಪ್ರಯೋಗ ಮಾಡುತ್ತಿರುವ ವಿದ್ಯಾರ್ಥಿ ನಾನು. ಮುಖ್ಯವಾಗಿ ಏನು ನೋಡಿಕೊಳ್ಳಬೇಕು?

ಉತ್ತರ: ಬಾಟಲಿ ದಿನಾ ತೂಗಿ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಡಿಎಸ್‌ಎಸ್ ಅಣುತೂಕ 36,000ರಿಂದ 50,000ದ ಒಳಗಿರಲಿ, ಇಡೀ ಪ್ರಯೋಗಕ್ಕೆ ಒಂದೇ ಲಾಟ್ (ಒಂದೇ ಸಲ ತಯಾರಾದ ಪುಡಿ) ಬಳಸಿ. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ. ಹಾಗಾಗಿ ಒಂದು ಪಂಜರದವಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಥರದ ಬ್ಯಾಕ್ಟೀರಿಯಾ ಇರುತ್ತದೆ. ಔಷಧಿಯವನ್ನೆಲ್ಲ ಒಂದು ಪಂಜರದಲ್ಲಿ, ಉಳಿದವನ್ನು ಇನ್ನೊಂದರಲ್ಲಿ ಇಟ್ಟರೆ ಕಂಡ ವ್ಯತ್ಯಾಸ ಔಷಧಿಯದೋ ಪಂಜರದ್ದೋ ಗೊತ್ತಾಗುವುದಿಲ್ಲ. ಎರಡೂ ಗುಂಪಿಗೆ ಹಲವು ಪಂಜರ ಇರಲಿ. ಕರುಳಿನ ಸ್ಲೈಡ್ ನೋಡಿ ಉರಿಯೂತಕ್ಕೆ ಅಂಕ ಕೊಡುವವರಿಗೆ ಅದು ಯಾವ ಗುಂಪಿನದು ಅಂತ ತಿಳಿಯಬಾರದು.

ಎಷ್ಟು ತೂಕ ಇಳಿದರೆ ಇಲಿಯನ್ನು ಪ್ರಯೋಗದಿಂದ ತೆಗೆಯಬೇಕು ಅಂತ ಮೊದಲೇ ಬರೆದಿಡಿ. ಸಾಮಾನ್ಯವಾಗಿ ಶೇ. 20 ಅಂತ ಇಟ್ಟುಕೊಳ್ಳುತ್ತಾರೆ. ಆ ಗೆರೆ ಮುಟ್ಟಿದ ಇಲಿಯನ್ನು ‘ನಾಳೆ ಒಂದು ದಿನ ಇದ್ದರೆ ಡೇಟಾ ಸಿಗುತ್ತಿತ್ತು’ ಅಂತ ಉಳಿಸಿಕೊಳ್ಳಬೇಡಿ. ಅದು ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂತಿರುತ್ತದೆ, ನೋಡಿದರೆ ನಿಮಗೇ ಗೊತ್ತಾಗುತ್ತದೆ.